ಮಾಳಿಗೆಯಿಂದ ಮಾಳಿಗೆಗೆ

ಹತ್ತಿರದ ಎರಡು ಕಟ್ಟಡಗಳ ಕಂಪ್ಯೂಟರುಗಳನ್ನು ತಂತಿಯಿಲ್ಲದೆ ಜೋಡಿಸಲು ಹೊಸಪೇಟೆ ಸೀಮೆಯಲ್ಲಿ ಬಹುಕಾಲ ಕಾನೂನೇ ದೊಡ್ಡ ಅಡ್ಡಿಯಾಗಿತ್ತು. ಪರವಾನಗಿಯಿಲ್ಲದೆ ವೈರ್‌ಲೆಸ್ ಉಪಕರಣ ಇಟ್ಟುಕೊಳ್ಳುವುದೇ 1933ರ ಭಾರತೀಯ ವೈರ್‌ಲೆಸ್ ಟೆಲಿಗ್ರಫಿ ಕಾಯ್ದೆಯಡಿ ಅಪರಾಧ. ಆಗ ಹೊಸಪೇಟೆ, ಕಂಪ್ಲಿ ಮದರಾಸು ಪ್ರಾಂತ್ಯದಲ್ಲಿದ್ದವು. ಸಂಡೂರು ಘೋರ್ಪಡೆ ಮನೆತನದ ಸಂಸ್ಥಾನ. ಬ್ರಿಟಿಷ್ ಇಂಡಿಯಾಕ್ಕಷ್ಟೇ ಅನ್ವಯಿಸುತ್ತಿದ್ದ ಕಾಯ್ದೆ, ಕಾಗದದ ಮೇಲಾದರೂ, ಸಂಡೂರಿನ ಗಡಿಗೆ ಬಂದು ನಿಲ್ಲುತ್ತಿತ್ತು. 1949ರಲ್ಲಿ ಸಂಸ್ಥಾನ ವಿಲೀನವಾಯಿತು, 1953ರಲ್ಲಿ ಈ ಸೀಮೆ ಮೈಸೂರು ರಾಜ್ಯಕ್ಕೆ ಸೇರಿತು. ಪರವಾನಗಿಯ ಕಟ್ಟುಪಾಡು ಸಡಿಲವಾಗಲಿಲ್ಲ.

1971ರಲ್ಲೇ ಹವಾಯಿ ವಿಶ್ವವಿದ್ಯಾಲಯದ ಅಲೋಹಾನೆಟ್ ರೇಡಿಯೊ ಮೂಲಕ ಕಂಪ್ಯೂಟರಿನೊಡನೆ ಮಾತಾಡಿತ್ತು. ವೈಫೈಗೆ ತಳಹದಿಯಾದ 802.11 ಮಾನದಂಡ ಬಂದದ್ದು 1997ರಲ್ಲಿ. ಭಾರತದಲ್ಲಿ ಬಾಗಿಲು ತೆರೆದದ್ದು ಜನವರಿ 2005ರಲ್ಲಿ: 2.4 ಗಿಗಾಹರ್ಟ್ಸ್ ಪಟ್ಟಿಗೆ ಹೊರಾಂಗಣದಲ್ಲೂ ಪರವಾನಗಿ ಬೇಡವಾಯಿತು. ಉಪಕರಣ ಹೊರಡಿಸುವ ಶಕ್ತಿ 1 ವಾಟ್, ಆಂಟೆನಾದ ಬಲ ಸೇರಿ 4 ವಾಟ್ ಮೀರಬಾರದೆಂಬ ಷರತ್ತಿತ್ತು. 2018ರಲ್ಲಿ 5 ಗಿಗಾಹರ್ಟ್ಸ್ ಪಟ್ಟಿಯ 605 ಮೆಗಾಹರ್ಟ್ಸ್ ಕೂಡ ಮುಕ್ತವಾಯಿತು.

ಹಂಪಿಯಲ್ಲಿ ಇನ್ನೊಂದು ಕಾನೂನೂ ಇದೆ. 1958ರ ಸ್ಮಾರಕ ಸಂರಕ್ಷಣಾ ಕಾಯ್ದೆಗೆ 2010ರಲ್ಲಿ ಬಂದ ತಿದ್ದುಪಡಿಯಂತೆ ಸಂರಕ್ಷಿತ ಸ್ಮಾರಕದ ಸುತ್ತ 100 ಮೀಟರ್ ನಿಷೇಧಿತ, ಅದರಾಚೆ 200 ಮೀಟರ್ ನಿಯಂತ್ರಿತ ಪ್ರದೇಶ. ಕೇಬಲ್ಲಿಗಾಗಿ ಕಾಲುವೆ ತೋಡುವುದು ಇಲ್ಲಿ ಸಲೀಸಲ್ಲ. ಗುದ್ದಲಿ ಬಿದ್ದಲ್ಲಿ ಹಳೆಯ ಪಟ್ಟಣದ ಅಡಿಪಾಯವೇ ಇರಬಹುದು. ಹಾಗೆಂದು ಎತ್ತರದ ಗೋಪುರ ನಿಲ್ಲಿಸುವುದೂ ಸುಲಭವಲ್ಲ. 1986ರಲ್ಲಿ ವಿಶ್ವ ಪರಂಪರೆಯ ಪಟ್ಟಿ ಸೇರಿದ ಹಂಪಿಯನ್ನು 1999ರಲ್ಲಿ ಅಪಾಯದ ಪಟ್ಟಿಗೆ ಹಾಕಲು ಆನೆಗೊಂದಿ ಸೇತುವೆಯ ಕಾಮಗಾರಿ ಮುಖ್ಯ ಕಾರಣವಾಗಿತ್ತು. 2006ರವರೆಗೆ ಆ ಹಣೆಪಟ್ಟಿ ಕಳಚಲಿಲ್ಲ. ಇಂಥಲ್ಲಿ ಮಾಳಿಗೆಯ ಮೇಲಿನ ಗಿಡ್ಡ ಜಿಐ ಪೈಪು, ಅದಕ್ಕೆ ಬಿಗಿದ ತಟ್ಟೆಯಷ್ಟಗಲದ ಆಂಟೆನಾ ಸಾಕಾಗುವ ವಿಧಾನವೇ ವಾಸಿ.

ಎರಡು ಆಂಟೆನಾಗಳು ಒಂದಕ್ಕೊಂದು ಕಂಡರಷ್ಟೇ ಸಾಲದು. ಅರ್ಧ ಕಿಲೋಮೀಟರಿನ ಸಂಪರ್ಕದಲ್ಲಿ ಅಲೆ ನಡುಮಧ್ಯದಲ್ಲಿ ಉಬ್ಬಿಕೊಳ್ಳುತ್ತದೆ: ನೇರ ಗೆರೆಯ ಸುತ್ತ 2.4 ಗಿಗಾಹರ್ಟ್ಸ್‌ಗೆ ಸುಮಾರು 4 ಮೀಟರ್, 5.8ಕ್ಕೆ ಎರಡೂವರೆ ಮೀಟರ್. ಇದರಲ್ಲಿ ಶೇ. 60ರಷ್ಟಾದರೂ ತೆರವಿರಬೇಕು. ಹಂಪಿಯ ಕಡೆ ಅಡ್ಡ ಬರುವ ಗ್ರಾನೈಟ್ ಗುಂಡು ಕದಲುವುದಿಲ್ಲವಾದ್ದರಿಂದ ಮೊದಲೇ ಲೆಕ್ಕಕ್ಕೆ ಸಿಗುತ್ತದೆ. ತೊಡಕು ಕಂಪ್ಲಿಯ ನೀರಾವರಿ ನೆಲದಲ್ಲೇ ಹೆಚ್ಚು. ಜೋಡಿಸಿದ ದಿನ ಕೆಳಗಿದ್ದ ತೆಂಗಿನ ಗರಿ ಕೆಲ ವರ್ಷಗಳಲ್ಲಿ ಅಲೆಯ ದಾರಿಗೆ ಏರುತ್ತದೆ. ಮಳೆಗೆ ನೆನೆದ ಎಲೆ ಸಿಗ್ನಲ್ಲನ್ನು ಇನ್ನಷ್ಟು ನುಂಗುತ್ತದೆ. ದತ್ತಾಂಶ, ವಿದ್ಯುತ್ ಎರಡನ್ನೂ ಒಂದೇ ಕೇಬಲ್ ಒಯ್ಯುವುದರಿಂದ ಸಿಡಿಲಿನ ಹೊಡೆತ ನೇರ ಕೋಣೆಯೊಳಗಿನ ಸ್ವಿಚ್ಚಿಗಿಳಿಯಬಹುದು. ಪೈಪಿಗೆ ಅರ್ತಿಂಗ್ ಕೊಡದೆ ಕೆಲಸ ಮುಗಿಯುವುದಿಲ್ಲ.

ಪಟ್ಟಣಗಳಲ್ಲಿ ಕಂಬದಿಂದ ಕಂಬಕ್ಕೆ ಫೈಬರ್ ಎಳೆಯುವುದು ಅಗ್ಗವಾದ ಮೇಲೆ ಇಂಥ ಆಂಟೆನಾಗಳ ಅಗತ್ಯ ಕುಗ್ಗಿದೆ. ಕಂಬ ನೆಡಲೂ ನೆಲ ಅಗೆಯಲೂ ಒಪ್ಪಿಗೆ ಕಾಯಬೇಕಾದ ಕಡೆ ಅವಕ್ಕೆ ಈಗಲೂ ಕೆಲಸವಿದೆ.