ಮೂತಿಯ ಇತಿಹಾಸ

ಎಂಬತ್ತರ ದಶಕದಲ್ಲಿ ಹರಿಹರದ ನಮ್ಮ ಮನೆಗೆ ಬಿಳಿಯ ಜೂಲುನಾಯಿಯೊಂದು ಬಂದಿತು. ಎಲ್ಲರಂತೆ ನಾವೂ ಅದನ್ನು ‘ಪಾಮೇರಿಯನ್’ ಎಂದೇ ಕರೆದೆವು. ನಿಜವಾದ ಪೊಮೆರೇನಿಯನ್ನಿನ ಕಥೆ ಬೇರೆ. ಬಾಲ್ಟಿಕ್ ತೀರದ ಪೊಮೆರೇನಿಯಾದ ಹೆಸರು ಹೊತ್ತ ಆ ತಳಿ ಮೊದಲು ಸಾಕಷ್ಟು ದೊಡ್ಡದೇ ಆಗಿತ್ತು. 1888ರಲ್ಲಿ ವಿಕ್ಟೋರಿಯಾ ರಾಣಿ ಇಟಲಿಯ ಫ್ಲಾರೆನ್ಸಿನಲ್ಲಿ ಚಿಕ್ಕ ಗಾತ್ರದ್ದನ್ನು ಮೆಚ್ಚಿ ತಂದಳು. ಮುಂದೆ ತಳಿಗಾರರು ಚಿಕ್ಕವನ್ನೇ ಆಯ್ದು ಬೆಳೆಸಿದರು. ಇಂದು ಅದರ ತೂಕ ಸುಮಾರು ಎರಡು ಮೂರು ಕಿಲೋ. ಆರು ಕಿಲೋ ತೂಗುತ್ತಿದ್ದ ನಮ್ಮ ಮನೆಯದು ಇಂಡಿಯನ್ ಸ್ಪಿಟ್ಜ್. ಬ್ರಿಟಿಷರ ಕಾಲದಲ್ಲಿ ಬಂದು ನಮ್ಮ ಬಿಸಿಲಿಗೆ ಒಗ್ಗಿದ ತಳಿ. ಹದಿಮೂರು ವರ್ಷ ನಮ್ಮೊಡನೆ ಬಾಳಿತು.

2003ರಲ್ಲಿ ಹಚ್ ಮೊಬೈಲ್ ಕಂಪನಿಯ ಜಾಹೀರಾತಿನಲ್ಲಿ ಪಗ್ ನಾಯಿ ಕಾಣಿಸಿಕೊಂಡಿತು. ಮೊಮ್ಮಗ ಹಟ ಹಿಡಿದ; ದಾವಣಗೆರೆಯ ಮನೆಗೆ ಪಗ್ ಮರಿಯನ್ನು ತಂದೆವು. ಆಂಗ್ಲ ಚಿತ್ರಕಾರ ಹೋಗಾರ್ತ್ 1745ರಲ್ಲಿ ತನ್ನ ಚಿತ್ರದೊಡನೆ ಬರೆದ ಪಗ್ಗಿಗೆ ಇನ್ನೂ ಮೂತಿಯಿತ್ತು. ಅನಂತರದ ಜನ ಅಂದವೆಂದು ಅದನ್ನು ಚಪ್ಪಟೆ ಮಾಡಿದರು. ನಾಯಿ ಮೈ ತಂಪು ಮಾಡಿಕೊಳ್ಳುವುದು ಮುಖ್ಯವಾಗಿ ಏದುಸಿರಿನಿಂದ. ಚಪ್ಪಟೆ ಮೂತಿಯಲ್ಲಿ ಆ ಉಸಿರಿಗೇ ದಾರಿ ಇಕ್ಕಟ್ಟು. ಇದನ್ನೆಲ್ಲ ನಾನು ಓದಿದ್ದು ತಡವಾಗಿ.

ಏಪ್ರಿಲ್ ತಿಂಗಳ ಒಂದು ದಿನ, ಹನ್ನೊಂದರ ಹೊತ್ತಿಗೆ, ಗಾಜು ತುಸು ಇಳಿಸಿದ ಕಾರಿನಲ್ಲಿ ಅದನ್ನು ಬಿಟ್ಟು ಹರಿಹರೇಶ್ವರನ ದರ್ಶನಕ್ಕೆ ಹೋದೆವು. ಮರಳುವಷ್ಟರಲ್ಲಿ ಕುಸಿದಿತ್ತು. ನೀರು ಸುರಿದೆವು, ಉಳಿಯಲಿಲ್ಲ. ಬಿಟ್ಟುಹೋಗೋಣವೆಂದವನು ನಾನೇ.

ಮರಿ ಕೊಳ್ಳುವ ಮುನ್ನ ಸಲಹೆ ಕೇಳುವವರಿಗೆ ನಾನು ಹೇಳುವುದಿಷ್ಟೇ: ಮೊದಲು ಅದರ ಮೂಗು ನೋಡಿ, ಆಮೇಲೆ ನಮ್ಮೂರ ಬಿಸಿಲು ನೋಡಿ.