ಜಗಲಿ, ತಟ್ಟಿ, ಜಾಲರಿ: ಕರ್ನಾಟಕದ ಮನೆಗಳಲ್ಲಿ ಮರೆ ಕಟ್ಟಿದ ಹೊರಾವರಣದ ಚರಿತ್ರೆ

ಕರ್ನಾಟಕದ ಸಾಂಪ್ರದಾಯಿಕ ಮನೆಗಳಲ್ಲಿ ಅಂಗಳಕ್ಕೂ ನಡುಮನೆಗೂ ಮಧ್ಯೆ ಇರುವ ಜಗಲಿಯು ಪೂರ್ಣವಾಗಿ ಒಳಗೂ ಅಲ್ಲದ, ಪೂರ್ಣವಾಗಿ ಹೊರಗೂ ಅಲ್ಲದ ಅವಕಾಶವಾಗಿದೆ. ಅದರ ನೆಲ ಮತ್ತು ಮಾಡು ಮನೆಗೆ ಸೇರಿದರೆ, ತೆರೆದ ಮುಂಬದಿ ಊರಿಗೆ ಸೇರಿದ್ದು. ವರ್ಷದ ಹನ್ನೆರಡು ತಿಂಗಳೂ ಈ ಜಾಗವನ್ನು ಬಳಸಲು ಜನರು ಋತುವಿಗೆ ತಕ್ಕಂತೆ ಅದಕ್ಕೆ ಮರೆ ಕಟ್ಟುತ್ತ ಬಂದಿದ್ದಾರೆ. ಮಳೆಗಾಲದ ಎರಚಲಿಗೆ ಸೋಗೆಯ ತಟ್ಟಿ, ಬೇಸಗೆಯ ಬಿಸಿಲಿಗೆ ಬಿದಿರಿನ ಚಾಪೆ ಅಥವಾ ಲಾವಂಚದ ತಟ್ಟಿ, ಈಚಿನ ದಿನಗಳಲ್ಲಿ ಸೊಳ್ಳೆಗೆ ತಂತಿಯ ಜಾಲರಿ ಹೀಗೆ ಈ ಮರೆಯು ರೂಪಾಂತರಗೊಳ್ಳುತ್ತಲೇ ಇದೆ.

ಜಾನಪದ ಅಧ್ಯಯನದಲ್ಲಿ ಭೌತಿಕ ಸಂಸ್ಕೃತಿಯ ಶಾಖೆಯು ಮನೆಗಳ ವಿನ್ಯಾಸ, ಕಂಬ, ಬಾಗಿಲುವಾಡಗಳ ಕೆತ್ತನೆಗಳಿಗೆ ತಕ್ಕಮಟ್ಟಿನ ಗಮನ ನೀಡಿದೆ. ಆದರೆ ಪ್ರತಿವರ್ಷ ಕಟ್ಟಿ, ಪ್ರತಿವರ್ಷ ಬಿಚ್ಚಿ ಗೊಬ್ಬರದ ಗುಂಡಿಗೆ ಹಾಕುವ ತಟ್ಟಿಗೆ ಅಂತಹ ಗಮನ ದೊರೆತದ್ದು ಕಡಿಮೆ. ಬಾಳಿಕೆ ಬಾರದ ವಸ್ತು ಚರಿತ್ರೆಯಲ್ಲಿಯೂ ಉಳಿಯುವುದು ಕಷ್ಟ. ಮರೆಯನ್ನು ಹೇಗೆ ಕಟ್ಟುತ್ತಿದ್ದರು, ಅದು ಯಾವುದನ್ನು ತಡೆಯಿತು, ಯಾರನ್ನು ತಡೆಯಿತು ಎಂಬ ಮೂರು ಪ್ರಶ್ನೆಗಳನ್ನು ಪ್ರಸ್ತುತ ಲೇಖನವು ಪರಿಶೀಲಿಸುತ್ತದೆ.

ಪ್ರಾದೇಶಿಕ ಸ್ವರೂಪ

ಮಲೆನಾಡು ಮತ್ತು ಹಳೆಯ ಮೈಸೂರು ಸೀಮೆಯಲ್ಲಿ ಜಗಲಿ ಅಥವಾ ಜಗುಲಿ, ಕರಾವಳಿಯಲ್ಲಿ ಜಗಲಿಯ ಜೊತೆಗೆ ಚಾವಡಿ, ಉತ್ತರ ಕರ್ನಾಟಕದಲ್ಲಿ ಕಟ್ಟೆ ಮತ್ತು ಪಡಸಾಲೆ ಎಂಬ ಹೆಸರುಗಳು ಬಳಕೆಯಲ್ಲಿವೆ. ಇವು ಒಂದೇ ವಸ್ತುವಿನ ಪರ್ಯಾಯನಾಮಗಳಲ್ಲ. ಮೈಸೂರು ಸೀಮೆಯ ತೊಟ್ಟಿಮನೆಯಲ್ಲಿ ಬೀದಿಯ ಕಡೆಗಿನ ಜಗುಲಿ ಒಂದು. ಒಳಗೆ ಆಕಾಶಕ್ಕೆ ತೆರೆದ ತೊಟ್ಟಿಯ ಸುತ್ತಲಿನ ಕಂಬಸಾಲು ಮತ್ತೊಂದು. ಮೊದಲನೆಯದು ಊರಿನವರಿಗೆ, ಎರಡನೆಯದು ಮನೆಯವರಿಗೆ. ಕರಾವಳಿಯ ಗುತ್ತಿನ ಮನೆಗಳ ಚಾವಡಿಯು ನ್ಯಾಯ ತೀರ್ಮಾನಕ್ಕೂ ದೈವಾರಾಧನೆಗೂ ಸಲ್ಲುವ ಸ್ಥಾನ. ಬಯಲುಸೀಮೆಯ ಮಣ್ಣಿನ ಮಾಳಿಗೆಯ ಮನೆಗಳಲ್ಲಿ ಗೋಡೆ ದಪ್ಪ, ಕಿಟಕಿ ಕಡಿಮೆ; ಬೆಳಕು ಮೇಲಿನ ಬೆಳಕಿಂಡಿಯಿಂದ ಇಳಿಯುತ್ತದೆ. ಅಲ್ಲಿ ಬೇಸಗೆಯ ರಾತ್ರಿ ಮಲಗಲು ಮಾಳಿಗೆಯೇ ಜಗಲಿಯಾಗುತ್ತದೆ.

ಈ ವ್ಯತ್ಯಾಸಗಳಿಗೆ ಹವೆಯೇ ಮೊದಲ ಕಾರಣ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7000 ಮಿ.ಮೀ.ಗೂ ಹೆಚ್ಚು ಮಳೆ ಬೀಳುತ್ತದೆ. ರಾಯಚೂರು, ಬಳ್ಳಾರಿಗಳ ಸೀಮೆಯಲ್ಲಿ ಅದರ ಹತ್ತನೆಯ ಒಂದು ಭಾಗದಷ್ಟೂ ದೊರೆತರೆ ಅದೇ ಒಳ್ಳೆಯ ಮಳೆ. ಒಂದೆಡೆ ನೀರನ್ನು ತಡೆದು ಗಾಳಿಯನ್ನು ಬಿಡುವ ಮರೆ ಬೇಕು, ಇನ್ನೊಂದೆಡೆ ಬಿಸಿಗಾಳಿಯನ್ನು ತಂಪುಮಾಡುವ ಮರೆ ಬೇಕು.

ಶಿಲೆಯಲ್ಲಿ ಮರೆ

ತೆರೆದ ಮಂಟಪಕ್ಕೆ ಮರೆ ಕಟ್ಟುವ ಆಲೋಚನೆಯ ಸ್ಪಷ್ಟ ನಿದರ್ಶನ ಬೇಲೂರಿನಲ್ಲಿದೆ. ವಿಷ್ಣುವರ್ಧನನ ಕಾಲದಲ್ಲಿ, 1117ರಲ್ಲಿ ಪ್ರತಿಷ್ಠಾಪನೆಗೊಂಡ ಚೆನ್ನಕೇಶವ ದೇವಾಲಯದ ನವರಂಗವು ಮೂಲತಃ ತೆರೆದ ಮಂಟಪವಾಗಿತ್ತು. ಕೆಲವು ದಶಕಗಳ ತರುವಾಯ, ಎರಡನೆಯ ವೀರಬಲ್ಲಾಳನ ಆಳ್ವಿಕೆಯಲ್ಲಿ, ಕಂಬಗಳ ನಡುವೆ ಜಾಲಂಧ್ರಗಳನ್ನು ನಿಲ್ಲಿಸಿ ಅದನ್ನು ಆವರಿಸಲಾಯಿತು. ಇವುಗಳಲ್ಲಿ ಕೆಲವು ನಕ್ಷತ್ರಾಕಾರದ ರಂಧ್ರಗಳುಳ್ಳವು, ಕೆಲವು ಪುರಾಣದ ಚಿತ್ರಗಳುಳ್ಳವು. ಒಂದರಲ್ಲಿ ರಾಜದರ್ಬಾರಿನ ದೃಶ್ಯವಿದೆ. ಗೋಡೆ ಎಬ್ಬಿಸಿದ್ದರೆ ಒಳಗಿನ ಕಂಬಗಳ ಕೆತ್ತನೆ ಕತ್ತಲೆಯಲ್ಲಿ ಮುಳುಗುತ್ತಿತ್ತು. ಜಾಲಂಧ್ರವು ಬೆಳಕನ್ನು ಸೋಸಿ ಬಿಟ್ಟಿತು. ಬಿಜಾಪುರದ ಇಬ್ರಾಹಿಂ ರೋಜಾದಲ್ಲಿ ಅರಬ್ಬೀ ಲಿಪಿಯನ್ನೇ ಕೊರೆದು ಕಿಟಕಿಯ ಜಾಲವನ್ನಾಗಿ ಮಾಡಿರುವುದು ಇದೇ ತತ್ತ್ವದ ಇನ್ನೊಂದು ರೂಪ. ಶ್ರೀರಂಗಪಟ್ಟಣದಲ್ಲಿ ಟಿಪ್ಪು 1784ರಲ್ಲಿ ಕಟ್ಟಿಸಿದ ದರಿಯಾ ದೌಲತ್ ಸುತ್ತಲೂ ಮೊಗಸಾಲೆಯುಳ್ಳ ಕಟ್ಟಡ. ಅದರ ಹೊರಗೋಡೆಯ ವರ್ಣಚಿತ್ರಗಳನ್ನು ಬಿಸಿಲು ಮಳೆಗಳಿಂದ ಕಾಯಲು ಪರದೆ ಇಳಿಬಿಡುವ ಕ್ರಮ ನಮ್ಮ ಕಾಲದವರೆಗೂ ಬಂದಿದೆ.

‘ಜಗತಿ’ ಎಂಬುದು ದೇವಾಲಯ ನಿಲ್ಲುವ ಎತ್ತರದ ವೇದಿಕೆಯ ಹೆಸರು. ‘ಜಗಲಿ’ಯೊಂದಿಗೆ ಅದಕ್ಕಿರುವ ಧ್ವನಿಸಾಮ್ಯವೂ ಅರ್ಥಸಾಮ್ಯವೂ ಗಮನಾರ್ಹ. ಹಾಗೆಂದು ಜನಪದರ ಮನೆಯು ದೇವಾಲಯವನ್ನು ಅನುಕರಿಸಿತೆಂದು ಹೇಳಬೇಕಾಗಿಲ್ಲ. ಶಿಲ್ಪಿಗಿಂತ ಮೊದಲೇ ಸೋಗೆ, ಬಿದಿರು, ಹುಲ್ಲುಗಳಲ್ಲಿ ಮರೆ ಕಟ್ಟುವ ಕೈಗಳು ಇದ್ದೇ ಇದ್ದುವು. ಶಿಲೆ ಉಳಿಯಿತು, ಸೋಗೆ ಉಳಿಯಲಿಲ್ಲ ಎಂಬುದಷ್ಟೇ ವ್ಯತ್ಯಾಸ.

ತಟ್ಟಿಯ ವಿಜ್ಞಾನ

ಮಲೆನಾಡಿನಲ್ಲಿ ಮಳೆಗಾಲದ ಸಿದ್ಧತೆಯೆಂದರೆ ಸೌದೆ ಕೂಡಿಡುವುದು, ಹಪ್ಪಳ ಸಂಡಿಗೆ ಮಾಡುವುದು, ಮಾಡಿನ ಹೊದಿಕೆ ಸರಿಪಡಿಸುವುದು ಮತ್ತು ತಟ್ಟಿ ಕಟ್ಟುವುದು. ತೋಟದಲ್ಲಿ ಉದುರಿದ ಅಡಿಕೆ ಸೋಗೆಯನ್ನು ಆಯ್ದು ಒಣಗಿಸಿ, ಬಿದಿರು ಅಥವಾ ಅಡಿಕೆ ದಬ್ಬೆಯ ಚೌಕಟ್ಟಿಗೆ ಬಳ್ಳಿಯಿಂದ ಬಿಗಿಯುತ್ತಾರೆ. ಕರಾವಳಿಯಲ್ಲಿ ಈ ಕೆಲಸಕ್ಕೆ ಹೆಣೆದ ತೆಂಗಿನ ಗರಿ ಒದಗುತ್ತದೆ. ಮೃಗಶಿರಾ ಮಳೆ ಹಿಡಿಯುವುದರೊಳಗೆ ಈ ಕೆಲಸ ಮುಗಿಯಬೇಕು.

ತಟ್ಟಿಯ ರಚನೆಯಲ್ಲಿ ಅಡಗಿರುವ ತಿಳಿವಳಿಕೆ ಸಣ್ಣದಲ್ಲ. ಮುಂಗಾರಿನ ಗಾಳಿ ಬೀಸುವುದು ನೈಋತ್ಯದಿಂದ. ಆದ್ದರಿಂದ ಎರಚಲು ಹೊಡೆಯುವ ಪಾರ್ಶ್ವಕ್ಕೆ ಒತ್ತಾಗಿ ತಟ್ಟಿ ಕಟ್ಟಿ, ಉಳಿದ ಕಡೆ ತೆರವು ಬಿಡುತ್ತಾರೆ. ಸೋಗೆಯ ಎಲೆಗಳು ಕೆಳಮುಖವಾಗಿ ಒಂದರ ಮೇಲೊಂದು ಕವಿದಿರುವುದರಿಂದ ನೀರು ಹೊರಗೇ ಜಾರಿ ಇಳಿಯುತ್ತದೆ. ಗಾಳಿ ಸಂದುಗಳಿಂದ ನುಸುಳುತ್ತದೆ. ಮಾಡಿನ ಸೂರಿನ ಕೆಳಗೆ ಬಿಟ್ಟ ಕಿರುತೆರವು ಒಲೆಯ ಹೊಗೆಗೂ ಒದ್ದೆ ಹವೆಗೂ ದಾರಿಯಾಗುತ್ತದೆ. ತಟ್ಟಿಯ ಮರೆಯಲ್ಲಿ ಮಣ್ಣಿನ ಗೋಡೆ ಕರಗದೆ ಉಳಿಯುತ್ತದೆ. ಆ ಗೋಡೆಯ ಮೇಲೆ ದೀವರ ಹೆಣ್ಣುಮಕ್ಕಳು ಬರೆದ ಹಸೆ ಚಿತ್ತಾರದಂತಹ ರಚನೆಗಳೂ ಉಳಿಯುತ್ತವೆ. ಮಳೆ ಹಿಂದೆಗೆದ ಮೇಲೆ ಬಿಚ್ಚಿದ ತಟ್ಟಿಯು ಕೊಟ್ಟಿಗೆಗೆ ಹಾಸಾಗಿ, ಗೊಬ್ಬರವಾಗಿ, ಮತ್ತೆ ಅದೇ ತೋಟದ ಬುಡಕ್ಕೆ ಸೇರುತ್ತದೆ.

ಒಣಹವೆಯ ಸೀಮೆಯಲ್ಲಿ ಲಾವಂಚದ ಬೇರಿನ ತಟ್ಟಿ ಬೇರೆಯೇ ರೀತಿಯಲ್ಲಿ ಕೆಲಸ ಮಾಡುತ್ತದೆ. ನೀರು ಚಿಮುಕಿಸಿದ ಬೇರಿನ ಮೂಲಕ ಬಿಸಿಗಾಳಿ ಹಾಯುವಾಗ ನೀರು ಆವಿಯಾಗಿ ಗಾಳಿಯ ಶಾಖವನ್ನು ಹೀರುತ್ತದೆ, ಪರಿಮಳವೂ ಹರಡುತ್ತದೆ. ಗಾಳಿ ಒಣಗಿದ್ದಷ್ಟೂ ತಂಪು ಹೆಚ್ಚು. ಕಲಬುರಗಿಯ ಬೇಸಗೆಯಲ್ಲಿ ಹಿತವಾಗುವ ಈ ತಟ್ಟಿ ಮಂಗಳೂರಿನ ಒದ್ದೆ ಗಾಳಿಯಲ್ಲಿ ಹೆಚ್ಚಿನ ಪ್ರಯೋಜನ ನೀಡದು.

ಮರೆಯೊಳಗಿನ ಮಳೆಗಾಲವು ಜಾನಪದ ಕಲೆಗಳಿಗೂ ಆಶ್ರಯವಾಯಿತು. ಯಕ್ಷಗಾನದ ಮೇಳಗಳು ಬಯಲಾಟ ನಿಲ್ಲಿಸುವ ತಿಂಗಳುಗಳಲ್ಲಿ ಜಗಲಿ ಮತ್ತು ಚಾವಡಿಗಳಲ್ಲಿ ತಾಳಮದ್ದಲೆ ನಡೆಯಿತು. ವೇಷವಿಲ್ಲದೆ, ಕುಣಿತವಿಲ್ಲದೆ, ಕುಳಿತು ನಡೆಸುವ ಈ ಪ್ರಕಾರದಲ್ಲಿ ಮಾತೇ ಪ್ರಧಾನ. ತುಳುನಾಡಿನಲ್ಲಿ ಆಟಿ ತಿಂಗಳ ಚೆನ್ನೆಮಣೆಯೂ, ಮೈಸೂರು ಸೀಮೆಯಲ್ಲಿ ಚೌಕಾಬಾರ, ಅಳಿಗುಳಿಮಣೆಗಳೂ, ಅಜ್ಜಿಯರ ಕಥೆಗಳೂ ಇಂತಹ ನೆಲೆಗಳಲ್ಲಿಯೇ ಬೆಳೆದುವು. ಕಲೆಯ ಸ್ವರೂಪವನ್ನು ಅದು ನಡೆಯುವ ಜಾಗವೂ ನಿರ್ಧರಿಸುತ್ತದೆ ಎಂಬುದಕ್ಕೆ ಇವು ಸಾಕ್ಷಿ.

ಬಂಗಲೆ ಮತ್ತು ಸೊಳ್ಳೆ

1809ರಲ್ಲಿ ಬೆಂಗಳೂರಿನಲ್ಲಿ ದಂಡುಪ್ರದೇಶ ಸ್ಥಾಪನೆಯಾದ ತರುವಾಯ ಅಲ್ಲಿ ಬಂಗಲೆಗಳ ಸಾಲು ಬೆಳೆಯಿತು. ಬಂಗಲೆಯ ವರಾಂಡವು ಸ್ಥಳೀಯ ಜಗಲಿಯ ಗುಣಗಳನ್ನು ಸ್ವೀಕರಿಸಿತು. ಮರದ ಪಟ್ಟಿಗಳ ಜಾಫ್ರಿ, ಬಳ್ಳಿ ಹಬ್ಬಿಸಿದ ಹಂದರ, ಕಿಟಕಿ ಮತ್ತು ಪಡಸಾಲೆಗಳ ಮೇಲೆ ಚೂಪಾದ ತುದಿಯ ಮರದ ಮುಸುಕುಗಳು ಅದಕ್ಕೆ ಸೇರಿದುವು. ‘ಮಂಕಿ ಟಾಪ್’ ಎಂದು ಹೆಸರಾದ ಈ ಮುಸುಕುಗಳು ಬೆಂಗಳೂರಿನ ವಿಶೇಷ ಗುರುತಾದುವು. ಬಾಸೆಲ್ ಮಿಷನ್ 1865ರಲ್ಲಿ ಮಂಗಳೂರಿನಲ್ಲಿ ಆರಂಭಿಸಿದ ಹೆಂಚಿನ ಕಾರ್ಖಾನೆಯ ಹೆಂಚುಗಳು ಬಂಗಲೆಗೂ ಹಳ್ಳಿಯ ಮನೆಗೂ ಸಮಾನವಾಗಿ ಹೊದಿಕೆಯಾದುವು.

ಸೊಳ್ಳೆಯ ಜಾಲರಿಯ ಚರಿತ್ರೆಗೂ ಬೆಂಗಳೂರಿಗೂ ಒಂದು ನಂಟಿದೆ. ಸೇನಾವೈದ್ಯ ರೊನಾಲ್ಡ್ ರಾಸ್ 1883ರಲ್ಲಿ ಬೆಂಗಳೂರಿನ ಬಂಗಲೆಯೊಂದರಲ್ಲಿ ವಾಸವಿದ್ದಾಗ, ತನ್ನ ಕೋಣೆಗೆ ಮುತ್ತುವ ಸೊಳ್ಳೆಗಳು ಕಿಟಕಿಯ ಹೊರಗಿನ ತೊಟ್ಟಿಯ ನೀರಿನಲ್ಲಿ ಹುಟ್ಟುತ್ತಿರುವುದನ್ನು ಕಂಡನು. ನೀರನ್ನು ಚೆಲ್ಲಿದಾಗ ಕಾಟ ತಗ್ಗಿತು. ಮಲೇರಿಯ ರೋಗಾಣುವನ್ನು ಸೊಳ್ಳೆಯ ದೇಹದಲ್ಲಿ ಆತ ಗುರುತಿಸಿದ್ದು 1897ರ ಆಗಸ್ಟ್ 20ರಂದು, ಸಿಕಂದರಾಬಾದಿನಲ್ಲಿ. 1900ರಲ್ಲಿ ಲೋ ಮತ್ತು ಸ್ಯಾಂಬನ್ ಎಂಬ ವೈದ್ಯರು ರೋಮ್ ಸಮೀಪದ ಮಲೇರಿಯ ಪೀಡಿತ ಬಯಲಿನಲ್ಲಿ, ಬಾಗಿಲು ಕಿಟಕಿಗಳಿಗೆಲ್ಲ ತಂತಿಜಾಲ ಹೊದಿಸಿದ ಮರದ ಮನೆಯೊಂದರಲ್ಲಿ ರೋಗದ ಋತುವನ್ನು ಕಳೆದರು. ಸಂಜೆಯಾಗುವ ಮೊದಲು ಒಳಸೇರುತ್ತಿದ್ದ ಅವರಿಗೆ ಜ್ವರ ತಗಲಲಿಲ್ಲ. ಮರೆಯೊಂದು ಔಷಧಿಯಷ್ಟೇ ಕೆಲಸ ಮಾಡಬಲ್ಲದು ಎಂಬುದು ಇದರಿಂದ ಸ್ಥಾಪಿತವಾಯಿತು. ಪನಾಮಾ ಕಾಲುವೆಯ ನಿರ್ಮಾಣಕಾಲದಲ್ಲಿ, 1904ರಿಂದ 1914ರವರೆಗೆ, ಅಮೆರಿಕನ್ನರು ವರಾಂಡಗಳಿಗೆ ವ್ಯಾಪಕವಾಗಿ ತಂತಿಜಾಲ ಹೊದಿಸಿದರು.

ಕರ್ನಾಟಕದ ಹಳ್ಳಿಗಳಿಗೆ ಈ ಜಾಲರಿ ಬೇಗ ಬರಲಿಲ್ಲ. ಮಲೆನಾಡಿನ ಜ್ವರವು ಊರೂರುಗಳನ್ನು ಬರಿದುಮಾಡಿದ ಕಾಲದಲ್ಲಿಯೂ ತಂತಿಜಾಲ ಸಾಮಾನ್ಯ ರೈತನ ಕೈಗೆಟುಕುವ ವಸ್ತುವಾಗಿರಲಿಲ್ಲ. ಜಗಲಿಯ ಮೂರು ಬದಿಯ ತೆರವು, ಹೆಂಚಿನ ಸಂದುಗಳು, ಸದಾ ತೆರೆದಿರುವ ಮುಂಬಾಗಿಲು ಇವೆಲ್ಲವನ್ನೂ ಮುಚ್ಚದೆ ಜಾಲರಿ ಫಲಕಾರಿಯಾಗದು. 1940ರ ದಶಕದ ಉತ್ತರಾರ್ಧದಲ್ಲಿ ಅಂದಿನ ಮುಂಬಯಿ ಪ್ರಾಂತದ ಉತ್ತರ ಕನ್ನಡ ಮತ್ತು ಧಾರವಾಡ ಜಿಲ್ಲೆಗಳಲ್ಲಿ ಮನೆಗಳ ಗೋಡೆಗೆ ಡಿಡಿಟಿ ಸಿಂಪಡಿಸುವ ಕಾರ್ಯ ಆರಂಭವಾಯಿತು. 1953ರಲ್ಲಿ ಮಲೇರಿಯ ನಿಯಂತ್ರಣದ ರಾಷ್ಟ್ರೀಯ ಕಾರ್ಯಕ್ರಮ ಜಾರಿಗೆ ಬಂದಿತು. ಜಾಲರಿಯು ಕೊಳ್ಳಬಲ್ಲವನ ಮನೆಯನ್ನು ಕಾಯಿತು. ಸಿಂಪಡಣೆಯು ಊರನ್ನು ಕಾಯಲು ಹೊರಟಿತು. ರಕ್ಷಣೆಯ ಈ ಎರಡು ಕ್ರಮಗಳ ಅಂತರ ಸಾಮಾಜಿಕವಾಗಿ ಮುಖ್ಯವಾದುದು.

ಮರೆಯ ಆಚೆಗೆ ಉಳಿದವರು

ಜಗಲಿಯನ್ನು ಎಲ್ಲರಿಗೂ ತೆರೆದ ಸೌಹಾರ್ದದ ತಾಣವೆಂದು ವರ್ಣಿಸುವ ರೂಢಿ ಬೆಳೆದಿದೆ. ಈ ವರ್ಣನೆ ಅರ್ಧಸತ್ಯ. ಅಂಗಳ, ಜಗಲಿ, ನಡುಮನೆ, ಅಡುಗೆಮನೆ, ದೇವರಕೋಣೆ ಎಂಬ ಅನುಕ್ರಮವು ಜಾತಿಯ ಮೆಟ್ಟಿಲುಗಳೂ ಆಗಿತ್ತು. ಜಗಲಿಗೆ ತಟ್ಟಿ ಕಟ್ಟಿದ ಕೈಗಳು ಅನೇಕ ವೇಳೆ ಆ ಜಗಲಿಯನ್ನು ಏರುವಂತಿರಲಿಲ್ಲ. ಬಿದಿರು ಕಡಿದು, ಸೋಗೆ ಹೊತ್ತು, ಮಳೆ ಬರುವ ಮೊದಲು ಒಡೆಯನ ಮನೆಗೆ ಮರೆ ಕಟ್ಟಿದ ಆಳು ಮಳೆ ಬಂದಾಗ ಅಂಗಳದಲ್ಲಿ ಕಂಬಳಿಕೊಪ್ಪೆ ಹೊದ್ದು ನಿಲ್ಲುತ್ತಿದ್ದನು. ಮುಟ್ಟಾದ ಹೆಣ್ಣು ಜಗಲಿಯ ಮೂಲೆಯಲ್ಲೋ ಕೊಟ್ಟಿಗೆಯ ಬದಿಯಲ್ಲೋ ಕಾಲ ಕಳೆಯಬೇಕಾಗಿತ್ತು. ಗೇಣಿ ಅಳೆಯಲು ಬಂದ ಒಕ್ಕಲಿನವನು ಎಲ್ಲಿ ನಿಲ್ಲಬೇಕು, ಎಲ್ಲಿ ಕೂರಬಹುದು ಎಂಬುದು ಹೇಳದೆಯೇ ತಿಳಿದ ನಿಯಮವಾಗಿತ್ತು.

ಜಾಲದ ಇನ್ನೊಂದು ಗುಣವನ್ನೂ ಇಲ್ಲಿ ಗಮನಿಸಬೇಕು. ಹಗಲಿನಲ್ಲಿ ಜಾಲದ ಒಳಗಿರುವವರಿಗೆ ಹೊರಗಿನದು ಕಾಣುತ್ತದೆ. ಹೊರಗಿನವರಿಗೆ ಒಳಗಿನದು ಕಾಣದು. ಒಳಗೆ ದೀಪ ಹಚ್ಚಿದ ರಾತ್ರಿಯಲ್ಲಿ ಇದು ತಿರುಗುಮುರುಗಾಗುತ್ತದೆ. ನೋಡುವ ಅಧಿಕಾರವನ್ನು ಹಂಚುವ ಸಾಧನವಾಗಿಯೂ ಮರೆ ಕೆಲಸ ಮಾಡಿದೆ. ಹೆಂಗಸರು ಜಗಲಿಗೆ ಬಾರದೆ ಕಿಟಕಿಯ ಸರಳುಗಳ ಹಿಂದೆ ನಿಂತು ತಾಳಮದ್ದಲೆ ಕೇಳುತ್ತಿದ್ದುದನ್ನು ಇದರೊಂದಿಗೆ ಸೇರಿಸಿ ನೋಡಬೇಕು.

ಸಂವಿಧಾನದ 17ನೆಯ ವಿಧಿಯು 1950ರಲ್ಲಿ ಅಸ್ಪೃಶ್ಯತೆಯನ್ನು ರದ್ದುಪಡಿಸಿತು. 1974ರಲ್ಲಿ ಜಾರಿಗೆ ಬಂದ ಭೂಸುಧಾರಣೆಯ ತಿದ್ದುಪಡಿ ಗೇಣಿಪದ್ಧತಿಯನ್ನು ಕೊನೆಗೊಳಿಸಿತು. ಗೇಣಿದಾರನಾಗಿದ್ದವನು ತನ್ನದೇ ನೆಲದಲ್ಲಿ ಹೆಂಚಿನ ಮನೆ ಕಟ್ಟಿ, ಮುಂದೆ ಜಗಲಿ ಇಟ್ಟುಕೊಂಡದ್ದು ಕೇವಲ ವಾಸ್ತುವಿನ ಸಂಗತಿಯಲ್ಲ. ತನ್ನ ಜಗಲಿಯ ಮೇಲೆ ತಾನು ಕಾಲು ಚಾಚಿ ಕೂರುವ ಹಕ್ಕು ಅವನಿಗೆ ಹೊಸದಾಗಿ ದೊರೆತದ್ದು.

ಇಂದಿನ ಜಗಲಿ

ಇಂದು ನಗರಗಳಲ್ಲಿಯೂ ಹಳ್ಳಿಗಳಲ್ಲಿಯೂ ಜಗಲಿಗೆ ಕಬ್ಬಿಣದ ಗ್ರಿಲ್, ಅದರ ಹಿಂದೆ ನೈಲಾನ್ ಜಾಲರಿ, ಮಳೆಗೆ ಪ್ಲಾಸ್ಟಿಕ್ ಹಾಳೆ ಸಾಮಾನ್ಯವಾಗಿವೆ. ಇದನ್ನು ಬರಿದೇ ಅವನತಿಯೆಂದು ಬಗೆಯುವುದು ಸರಿಯಲ್ಲ. ಡೆಂಗೆ ಹರಡುವ ಈಡಿಸ್ ಸೊಳ್ಳೆ ಹಗಲಿನಲ್ಲಿ ಕಚ್ಚುತ್ತದೆ, ಮನೆಯ ಸುತ್ತಲಿನ ಸಂಗ್ರಹದ ನೀರಿನಲ್ಲಿ ಹುಟ್ಟುತ್ತದೆ. ಹಳೆಯ ತಟ್ಟಿ ಅದನ್ನು ತಡೆಯಲಾರದು. ಕಣ್ಣಿನ ಅಗಲ ಸುಮಾರು 1.2 ಮಿ.ಮೀ. ಮೀರದ ಜಾಲರಿ ಸೊಳ್ಳೆಯನ್ನು ತಡೆಯುತ್ತದೆ. ಆದರೆ ಅದೇ ಜಾಲರಿ ಗಾಳಿಯ ವೇಗವನ್ನೂ ತಗ್ಗಿಸುವುದರಿಂದ ತೆರವು ದೊಡ್ಡದಿರಬೇಕು, ಎದುರುಬದುರಾಗಿರಬೇಕು. ರಾಸ್ ತೊಟ್ಟಿಯ ನೀರು ಚೆಲ್ಲಿದ ಪಾಠವನ್ನು ಮರೆತು ಜಾಲರಿಯೊಂದನ್ನೇ ನಂಬುವುದೂ ಪ್ರಯೋಜನವಿಲ್ಲ. ಋತು ಕಳೆದ ಮೇಲೆ ಬಿಚ್ಚುವ ತಟ್ಟಿಗೂ, ಒಮ್ಮೆ ಬೆಸೆದರೆ ಮತ್ತೆ ತೆರೆಯದ ಗ್ರಿಲ್‌ಗೂ ಇರುವ ಅಂತರ ಇಲ್ಲಿ ಮುಖ್ಯ. ಮೊದಲನೆಯದು ಮಳೆಗೆ ಕಟ್ಟಿದ್ದು, ಎರಡನೆಯದು ಮನುಷ್ಯರ ಭಯಕ್ಕೆ ಕಟ್ಟಿದ್ದು.

ರಾಮನಗರದ ಬಳಿಯ ಜಾನಪದ ಲೋಕ, ಮಣಿಪಾಲದ ಹಸ್ತಶಿಲ್ಪ ಪರಂಪರೆಯ ಗ್ರಾಮಗಳಂತಹ ಪ್ರಯತ್ನಗಳು ವಸ್ತುಗಳನ್ನೂ ಮನೆಗಳನ್ನೂ ಉಳಿಸಿವೆ. ಕಂಬ, ಬಾಗಿಲು, ಮಾಡುಗಳನ್ನು ಹೀಗೆ ಸ್ಥಳಾಂತರಿಸಿ ಕಾಯಬಹುದು. ತಟ್ಟಿಯನ್ನು ಹಾಗೆ ಕಾಯಲಾಗದು. ಅದು ಪ್ರತಿವರ್ಷ ಕಟ್ಟುವ ಕೈಗಳಲ್ಲಿ ಮಾತ್ರ ಇರುತ್ತದೆ. ಸೋಗೆ ಕಟ್ಟುವ ಗಂಟುಗಳ ಬಗೆ, ದಬ್ಬೆ ಸೀಳುವ ಕ್ರಮ, ಪ್ರತಿ ಸೀಮೆಯಲ್ಲಿಯೂ ಇರುವ ಅವುಗಳ ಹೆಸರು, ಈ ಕೆಲಸ ಮಾಡಿದ ಸಮುದಾಯಗಳ ನೆನಪು ಇವನ್ನು ಆ ಹಿರಿಯರು ಇರುವಾಗಲೇ ದಾಖಲಿಸುವುದು ಜಾನಪದ ಕ್ಷೇತ್ರಕಾರ್ಯದ ಮುಂದಿರುವ ತುರ್ತಿನ ಹೊಣೆ. ಹಾಗೆ ದಾಖಲಿಸುವಾಗ ಜಗಲಿಯ ಮೇಲೆ ಕುಳಿತವರ ಮಾತಿನಷ್ಟೇ ಅಂಗಳದಲ್ಲಿ ನಿಂತವರ ಮಾತಿಗೂ ಸ್ಥಾನ ದೊರೆಯಬೇಕು. ಮರೆಯ ಎರಡೂ ಬದಿಗಳಿಂದ ಬರೆದಾಗಲಷ್ಟೇ ಜಗಲಿಯ ಚರಿತ್ರೆ ಪೂರ್ಣವಾಗುತ್ತದೆ.