ರೇಬೀಸ್ ಮತ್ತು ಶಿಲಾರೋಹಣ

ರೇಬೀಸ್, ರೂಢಿಯ ಮಾತಿನಲ್ಲಿ ಹುಚ್ಚುನಾಯಿ ರೋಗ, ಲಿಸ್ಸಾವೈರಸ್ ಕುಲದ ವೈರಾಣುವಿನಿಂದ ಬರುವ ಮಿದುಳಿನ ಸೋಂಕು. ಕಚ್ಚಿದ ಪ್ರಾಣಿಯ ಜೊಲ್ಲಿನ ಮೂಲಕ ದೇಹ ಸೇರುವ ವೈರಾಣು ನರಗಳ ಗುಂಟ ಮಿದುಳಿಗೆ ಸಾಗುತ್ತದೆ. ಇದಕ್ಕೆ ಸಾಮಾನ್ಯವಾಗಿ ಕೆಲವು ವಾರಗಳಿಂದ ಕೆಲವು ತಿಂಗಳುಗಳವರೆಗೆ ಹಿಡಿಯುತ್ತದೆ. ಲಕ್ಷಣ ಕಾಣಿಸಿಕೊಂಡ ಮೇಲೆ ಬದುಕುಳಿಯುವುದು ತೀರಾ ಅಪರೂಪ.

ಬಂಡೆ ಏರುವವರಿಗೆ ಅಪಾಯ ಎಲ್ಲಿಂದ ಎಂಬುದು ದೇಶದಿಂದ ದೇಶಕ್ಕೆ ಬೇರೆ. ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ ರೇಬೀಸ್ ಸಾವುಗಳಿಗೆ ಮುಖ್ಯ ಕಾರಣ ಬಾವಲಿ. ಹಲವು ಜಾತಿಯ ಬಾವಲಿಗಳು ಹಗಲೆಲ್ಲ ಬಂಡೆಯ ಬಿರುಕಿನಲ್ಲಿ ಅಡಗಿರುತ್ತವೆ. ಬಿರುಕು ಹಿಡಿದು ಏರುವವರು ಕೈ ತೂರಿಸುವುದೂ ಅಲ್ಲಿಗೇ. ಬಾವಲಿಯ ಹಲ್ಲಿನ ಗುರುತು ಅತಿ ಚಿಕ್ಕದು. ಒರಟು ಕಲ್ಲಿಗೆ ತರಚಿದ ಕೈಯಲ್ಲಿ ಅದನ್ನು ಗುರುತಿಸುವುದು ಕಷ್ಟ. ಹಾಗೆಂದು ಬಾವಲಿಗಳನ್ನು ದೂರುವುದು ಸಲ್ಲದು: ಸೋಂಕಿರುವುದು ಕೆಲವಕ್ಕೆ ಮಾತ್ರ.

ಭಾರತದಲ್ಲಿ ರೋಗದ ಪ್ರಧಾನ ವಾಹಕ ನಾಯಿ. ಬಾದಾಮಿ, ಹಂಪಿ, ರಾಮನಗರಗಳಿಗೆ ಏರಲು ಹೋಗುವವರು ಬಿರುಕಿಗಿಂತ ಬಂಡೆಯ ಬುಡದ ಬೀದಿನಾಯಿಯ ಬಗ್ಗೆ ಎಚ್ಚರವಹಿಸುವುದೇ ಸರಿ. ಕೋತಿ ಕಚ್ಚಿದರೂ ಚಿಕಿತ್ಸೆ ಬೇಕು.

ಗಾಯವನ್ನು ಕೂಡಲೇ ಸೋಪು, ಹರಿಯುವ ನೀರಿನಿಂದ 15 ನಿಮಿಷ ತೊಳೆಯಬೇಕು. ಅರಿಶಿನ, ಸುಣ್ಣ, ಖಾರದ ಪುಡಿ ಹಚ್ಚಬಾರದು. ಲಸಿಕೆಯ ಸರಣಿಯನ್ನು ತಡಮಾಡದೆ ಆರಂಭಿಸಬೇಕು. ರಕ್ತ ಬಂದ ಗಾಯವಾದರೆ ಇಮ್ಯುನೊಗ್ಲಾಬ್ಯುಲಿನ್ (ಸಿದ್ಧ ಪ್ರತಿಕಾಯಗಳ ಚುಚ್ಚುಮದ್ದು) ಕೂಡ ಬೇಕಾಗುತ್ತದೆ. ಮುಂಚಿತವಾಗಿಯೇ ಪೂರ್ಣ ಲಸಿಕೆ ಪಡೆದವರಿಗೆ ಇಮ್ಯುನೊಗ್ಲಾಬ್ಯುಲಿನ್ ಅಗತ್ಯವಿಲ್ಲ, ಆದರೆ ಕಚ್ಚಿದ ಮೇಲಿನ ಲಸಿಕೆ ಅವರಿಗೂ ತಪ್ಪುವುದಿಲ್ಲ.